ವಿದೇಶದ ಗೆಳೆಯರು ಬಂದಾಗ ಮಠಕ್ಕೆ ಕರೆದೊಯ್ಯುವುದು ಹೇಗೆ?

ಮಾರಿಷಸ್ಸಿನಲ್ಲೊಂದು ತಾಂತ್ರಿಕ ಕಾಲೇಜಿದೆ. ದುಬೈಯಲ್ಲಿ ಶಾಲೆಗಳಿವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಒಂದು ಆಧ್ಯಾತ್ಮಿಕ ಕೇಂದ್ರವಿದೆ. ಎಲ್ಲ ಫಲಕಗಳ ಮೇಲೂ ಜೆಎಸ್‌ಎಸ್ ಎಂಬ ಮೂರಕ್ಷರ. ಬಿಡಿಸಿ ಓದಿದರೆ ಜಗದ್ಗುರು ಶ್ರೀ ಶಿವರಾತ್ರೀಶ್ವರ. ಆ ಹೆಸರಿನ ಬೇರು ಹುಡುಕುತ್ತ ಹೊರಟವರು ಬಂದು ನಿಲ್ಲುವುದು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ, ಕಪಿಲೆಯ ದಂಡೆಯ ಮೇಲೆ.

ಈಗ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ. ರಜೆಗೆ ಬರುವಾಗ ಆಫೀಸಿನ ಗೆಳೆಯರನ್ನೋ ಗೆಳತಿಯರನ್ನೋ ಜೊತೆಗೆ ಕರೆತರುತ್ತಾರೆ. ಅರಮನೆ, ಚಾಮುಂಡಿಬೆಟ್ಟ ಮುಗಿದ ಮೇಲೆ, ‘ಅಲ್ಲಿ ನಿಮ್ಮ ಮಠದ ಶಾಖೆ ನೋಡಿದ್ದೇನೆ, ಮೂಲ ಎಲ್ಲಿದೆ ತೋರಿಸಿ’ ಎಂಬ ಕೇಳಿಕೆ ಬರುತ್ತದೆ. ಮನೆಯವರು ತಡವರಿಸುವುದು ಇಲ್ಲಿಯೇ. ದೇವಸ್ಥಾನ ತೋರಿಸುವುದು ಸುಲಭ: ಸಾಲು, ಮಂಗಳಾರತಿ, ಪ್ರಸಾದ, ಒಂದು ಫೋಟೊ. ಮಠ ಹಾಗಲ್ಲ. ಅದರಲ್ಲಿ ಗುರುವಿನ ಗದ್ದುಗೆಯೂ ಇದೆ, ಶಾಲೆಯೂ ಇದೆ, ಸಾವಿರಾರು ಎಲೆ ಹಾಕುವ ಅಡುಗೆಮನೆಯೂ ಇದೆ. ಅಲ್ಲಿಗೆ ಹೋದವರು ಪ್ರವಾಸಿಗಳಲ್ಲ, ನೆಂಟರು. ತಯಾರಿಯೂ ನೆಂಟರ ಮನೆಗೆ ಹೊರಡುವವರ ತಯಾರಿಯಂತೆಯೇ ಇರಬೇಕು.

ಮೊದಲು ಕಾಗದಪತ್ರ

ವಿದೇಶಿ ಪ್ರಜೆ ಹೋಟೆಲಿನಲ್ಲಿ ಉಳಿದರೆ ಪೊಲೀಸರಿಗೆ ತಿಳಿಸುವ ಹೊಣೆ ಹೋಟೆಲಿನವರದು. ಮನೆಯಲ್ಲಿ ಉಳಿದರೆ ಆ ಹೊಣೆ ಮನೆಯ ಯಜಮಾನರದು. ಅತಿಥಿ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣದಲ್ಲಿ ವಿವರ ತುಂಬಬೇಕು. ‘ಫಾರ್ಮ್ ಸಿ’ ಎಂದು ಬಹುಕಾಲ ಕರೆಯಿಸಿಕೊಂಡದ್ದು ಇದೇ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಒಂದು ಭಾವಚಿತ್ರ ಕೈಯಲ್ಲಿದ್ದರೆ ಹದಿನೈದು ನಿಮಿಷದ ಕೆಲಸ. ಹಳ್ಳಿಯ ಮನೆಗೆ ಇದೆಲ್ಲ ಯಾಕೆ ಎನ್ನುವವರೇ ಹೆಚ್ಚು. ನಿಯಮ ಹಳ್ಳಿ, ಪಟ್ಟಣ ಎಂದು ಬೇರೆ ಮಾಡಿಲ್ಲ. ಮಠದ ಅತಿಥಿಗೃಹದಲ್ಲೇ ಉಳಿಯುವ ಯೋಚನೆಯಿದ್ದರೆ ಪಾಸ್‌ಪೋರ್ಟಿನ ಪ್ರತಿ ಕೊಂಡೊಯ್ಯಬೇಕು, ಅಲ್ಲಿಯೂ ಕೇಳುತ್ತಾರೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಮಠ, ಮಂದಿರ ನೋಡಬಹುದು, ಪ್ರವಚನ ಕೇಳಬಹುದು. ಧರ್ಮಪ್ರಚಾರದ ಭಾಷಣ ಮಾಡುವಂತಿಲ್ಲ. ಸಭೆ ನಡೆಯುತ್ತಿದ್ದಾಗ ಪ್ರೀತಿಯಿಂದ ‘ನಿಮ್ಮ ಗೆಳೆಯರೂ ಎರಡು ಮಾತಾಡಲಿ’ ಎಂದು ಮೈಕು ಕೊಡುವ ರೂಢಿ ನಮ್ಮಲ್ಲಿದೆ. ನಮಸ್ಕಾರ ಹೇಳಿ, ಊರು ಚೆನ್ನಾಗಿದೆ ಎಂದು ಕೂತರೆ ಸಾಕು.

ಪಂಚಾಂಗ ನೋಡದೆ ಹೊರಡಬಾರದು

ದಿನ ಗೊತ್ತುಮಾಡುವಾಗ ಕ್ಯಾಲೆಂಡರಿನ ಭಾನುವಾರವನ್ನಷ್ಟೇ ನೋಡಿದರೆ ಎಡವಟ್ಟಾಗುತ್ತದೆ. ಇದೇ ಸುತ್ತಿನಲ್ಲಿ ಸಿಗುವ ನಂಜನಗೂಡಿನ ರಾಘವೇಂದ್ರಸ್ವಾಮಿ ಮಠ, ಸೋಸಲೆಯ ಮಠದಂಥ ಮಾಧ್ವ ಮಠಗಳಲ್ಲಿ ಏಕಾದಶಿಯಂದು ಒಲೆ ಹೊತ್ತುವುದಿಲ್ಲ. ಅಂದು ತೀರ್ಥಪ್ರಸಾದ, ಎಂದರೆ ಊಟ, ಇರುವುದಿಲ್ಲ. ಮರುದಿನ ದ್ವಾದಶಿಯ ಪಾರಣೆ ಬೆಳಗ್ಗೆ ಬೇಗ ಮುಗಿದುಹೋಗುತ್ತದೆ, ಹನ್ನೆರಡಕ್ಕೆ ಹೋದವರಿಗೆ ತೊಳೆದಿಟ್ಟ ಪಾತ್ರೆ ಕಾಣುತ್ತವೆ. ನಂಜನಗೂಡಿನಲ್ಲಿ ಸೋಮವಾರ ಮತ್ತು ಹುಣ್ಣಿಮೆ ಎಂದರೆ ಶ್ರೀಕಂಠೇಶ್ವರನ ಭಕ್ತರ ದಟ್ಟಣೆ, ವಾಹನ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಯಾವ ಅವಸರವೂ ಇಲ್ಲದ ಮಂಗಳವಾರವೋ ಬುಧವಾರವೋ ವಾಸಿ.

ಮೂಲಮಠ ಎಂದ ಮಾತ್ರಕ್ಕೆ ಸ್ವಾಮಿಗಳು ಅಲ್ಲಿಯೇ ಇರುತ್ತಾರೆ ಎಂದೂ ಅಂದುಕೊಳ್ಳಬಾರದು. ಮಾಧ್ವ ಯತಿಗಳು ಚಾತುರ್ಮಾಸ್ಯದಲ್ಲಿ ಒಂದೆಡೆ ನೆಲೆಸುತ್ತಾರೆ, ಮಿಕ್ಕ ಕಾಲ ಸಂಚಾರ. ಸುತ್ತೂರು ಶ್ರೀಗಳ ಕಾರ್ಯಕ್ರಮಗಳಂತೂ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನ ಮಠಕ್ಕೂ ಸುತ್ತೂರಿಗೂ ಹಂಚಿಹೋಗಿರುತ್ತವೆ. ಎರಡು ದಿನ ಮುಂಚೆ ಮಠದ ಕಚೇರಿಗೆ ಫೋನ್ ಮಾಡಿ, ಎಷ್ಟು ಜನ ಬರುತ್ತೇವೆ, ಅದರಲ್ಲಿ ವಿದೇಶದವರು ಎಷ್ಟು ಮಂದಿ, ಊಟಕ್ಕೆ ಇರುತ್ತೇವೋ ಇಲ್ಲವೋ ಎಂಬ ಮೂರು ಮಾತು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಸುತ್ತೂರು: ಊಟದ ಮನೆಯಿಂದ ಶುರು

ನಂಜನಗೂಡು ಮತ್ತು ನರಸೀಪುರ ಎರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಆದರೆ ಹೆದ್ದಾರಿ ಮೈಸೂರನ್ನು ಬಳಸಿಕೊಂಡು ಹೋಗುತ್ತದೆ. ನದಿ ಹಾಗೆ ಬಳಸುವುದಿಲ್ಲ. ನಂಜನಗೂಡಿನಿಂದ ಸುತ್ತೂರು, ಅಲ್ಲಿಂದ ನರಸೀಪುರದ ಸಂಗಮ, ಇದು ಕಪಿಲೆಯದೇ ಕ್ರಮ. ಕಾರಿನವರೂ ಅದನ್ನೇ ಹಿಡಿದರೆ ಗದ್ದೆ ಬಯಲು ನೋಡುತ್ತ ಒಂದೇ ದಿನದಲ್ಲಿ ಮೂರೂ ಮುಗಿಯುತ್ತದೆ.

ಸುತ್ತೂರು ಮಠದ ಇತಿಹಾಸವನ್ನು ಅತಿಥಿಗೆ ಎರಡು ಮಾತಿನಲ್ಲಿ ಹೇಳಬಹುದು. ಆದಿಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳು ಗಂಗರ ರಾಚಮಲ್ಲನಿಗೂ ಚೋಳರ ರಾಜರಾಜನಿಗೂ ನಡುವಿನ ಯುದ್ಧ ತಪ್ಪಿಸಿದರು ಎಂಬುದು ಪರಂಪರೆಯ ನಂಬಿಕೆ, ಸಾವಿರ ವರ್ಷದ ಹಿಂದಿನ ಮಾತು. ಈಗಿನ ಕಥೆ ಆರಂಭವಾಗುವುದು 23ನೇ ಪೀಠಾಧಿಪತಿ ಶಿವರಾತ್ರಿ ರಾಜೇಂದ್ರ ಸ್ವಾಮಿಗಳಿಂದ (1916–1986). ಮೈಸೂರಿಗೆ ಓದಲು ಬಂದ ಹಳ್ಳಿ ಹುಡುಗರಿಗೆ ಊಟ, ವಸತಿ ಕೊಡುವುದರಿಂದ ಕೈಹಾಕಿದ ಅವರು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪಿಸಿದರು. ಪಡಿತರದ ಅಭಾವದ ಕಾಲದಲ್ಲಿ ಮಕ್ಕಳ ಅನ್ನಕ್ಕಾಗಿ ಇಷ್ಟಲಿಂಗವಿಡುವ ಚಿನ್ನದ ಕರಡಿಗೆಯನ್ನೇ ಮಾರಿದರು ಎಂಬ ಮಾತು ಇಂದಿಗೂ ಭಕ್ತರ ಬಾಯಲ್ಲಿದೆ. ದುಬೈಯ ಶಾಲೆ, ಮಾರಿಷಸ್ಸಿನ ಕಾಲೇಜು ಎಲ್ಲ ಆ ಊಟದ ಮನೆಯ ಚಿಗುರುಗಳು ಎಂದರೆ ಅತಿಥಿಗೆ ತಕ್ಷಣ ತಿಳಿಯುತ್ತದೆ. ಆದ್ದರಿಂದ ಸುತ್ತೂರಿನಲ್ಲಿ ತಪ್ಪದೆ ತೋರಿಸಬೇಕಾದದ್ದು ದಾಸೋಹ.

ಕ್ರಮ ಹೀಗಿದ್ದರೆ ಚೆಂದ: ಬೆಳಗ್ಗೆ ಹತ್ತರ ಹೊತ್ತಿಗೆ ತಲುಪಿ, ಚಪ್ಪಲಿ ಬಿಟ್ಟು, ನದಿಯ ದಂಡೆಯ ಕರ್ತೃ ಗದ್ದುಗೆಗೆ ನಮಸ್ಕಾರ. ಆಮೇಲೆ ಶಾಲೆಯ ಆವರಣ. ಇಲ್ಲಿನ ಉಚಿತ ವಸತಿ ಶಾಲೆಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಓದುತ್ತಾರೆ, ಅವರ ಬಾಯಲ್ಲಿ ಕನ್ನಡ ಕೇಳಿ ವಿದೇಶಿಗರಿಗಿಂತ ನಮ್ಮವರೇ ಹೆಚ್ಚು ಬೆರಗಾಗುತ್ತಾರೆ. ಮಕ್ಕಳ ಫೋಟೊ ತೆಗೆಯುವ ಮುಂಚೆ ಶಿಕ್ಷಕರನ್ನು ಕೇಳಬೇಕು. ಬೇಸಾಯದಲ್ಲಿ ಆಸಕ್ತಿಯಿದ್ದವರಿಗೆ ಕೃಷಿ ವಿಜ್ಞಾನ ಕೇಂದ್ರವಿದೆ. ಮಧ್ಯಾಹ್ನ ಎಲ್ಲರ ಸಾಲಿನಲ್ಲೇ ಕೂತು ಪ್ರಸಾದ. ಜಾತಿ, ಧರ್ಮ, ದೇಶ ಯಾವುದನ್ನೂ ಯಾರೂ ಕೇಳುವುದಿಲ್ಲ. ತಟ್ಟೆಯಲ್ಲಿ ಬಿಡುವುದು ಮಾತ್ರ ಸರಿಯಲ್ಲ. ಹೊಸಬರಿಗೆ ‘ಸ್ವಲ್ಪ ಸಾಕು’ ಎಂಬ ಎರಡು ಪದ ಮೊದಲೇ ಕಲಿಸಿಡುವುದು ಜಾಣತನ. ಬಡಿಸುವವರು ಅದನ್ನು ನಂಬುವುದಿಲ್ಲ, ಅದು ಬೇರೆ ಮಾತು.

ಸ್ವಾಮಿಗಳ ದರ್ಶನ ಸಿಕ್ಕರೆ ಕೈಕುಲುಕಲು ಮುಂದಾಗದಂತೆ ಅತಿಥಿಗೆ ಹೇಳಿರಬೇಕು. ಕೈಮುಗಿದರೆ ಸಾಕು. ಕಾಲಿಗೆ ಬೀಳುವುದು ಅವರವರ ಇಷ್ಟ, ಒತ್ತಾಯ ಬೇಡ. ಈ ಸೀಮೆಯ ಭಕ್ತರು ಶ್ರೀಗಳನ್ನು ‘ಬುದ್ಧಿ’ ಎಂದು ಕರೆಯುತ್ತಾರೆ. ‘ಬುದ್ಧಿ, ಇವರು ನಮ್ಮ ಗೆಳೆಯರು’ ಎಂದು ಪರಿಚಯಿಸಿದರೆ ಆಯಿತು. ಕಾಣಿಕೆಯಾಗಿ ಹಣ್ಣು, ಹೂವು ಸಾಕು. ಹೊರದೇಶದ ಚಾಕೊಲೇಟ್ ಡಬ್ಬಿ ಒಪ್ಪಿಸುವ ಉತ್ಸಾಹವಿದ್ದರೆ ಅದರಲ್ಲಿ ಮೊಟ್ಟೆ, ಮದ್ಯದ ಅಂಶವಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು.

ಜನಸಾಗರ ನೋಡಲೇಬೇಕು ಎನ್ನುವವರು ಜಾತ್ರೆಗೆ ಬರಬೇಕು. ಪುಷ್ಯ ಮಾಸದ ಕೊನೆಗೆ ಶುರುವಾಗಿ ಆರು ದಿನ ನಡೆಯುತ್ತದೆ, ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ. ಸಾಮೂಹಿಕ ವಿವಾಹ, ರಥೋತ್ಸವ, ಕೊಂಡ, ತೆಪ್ಪೋತ್ಸವ, ಕುಸ್ತಿ, ದನಗಳ ಪರಿಷೆ, ಕೃಷಿ ಮೇಳ ಎಲ್ಲ ಒಂದೇ ಊರಿನಲ್ಲಿ. ಮೊದಲ ಭೇಟಿಗೆ ಇದನ್ನು ಆರಿಸದಿರುವುದೇ ಒಳ್ಳೆಯದು. ಗದ್ದಲದಲ್ಲಿ ಮಠ ಕಾಣುವುದಿಲ್ಲ, ಜಾತ್ರೆ ಕಾಣುತ್ತದೆ.

ನಂಜನಗೂಡಿನ ರಾಯರು

ಬೆಳಗಿನ ಹೊತ್ತು ಸುತ್ತೂರಿಗೆ ಹೊರಡುವ ಮುಂಚೆಯೇ ನಂಜನಗೂಡಿನ ರಾಘವೇಂದ್ರಸ್ವಾಮಿ ಮಠ ಮುಗಿಸಬಹುದು. ಶಾಖೆ ಎಂಬುದು ಮಾಧ್ವರಲ್ಲಿ ಹೇಗೆ ಹುಟ್ಟುತ್ತದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂತ್ರಾಲಯದ ಮೃತ್ತಿಕೆಯನ್ನು, ಅಂದರೆ ಮಣ್ಣನ್ನು, ತಂದು ಬೃಂದಾವನ ಪ್ರತಿಷ್ಠಾಪಿಸಿದರೆ ಅಲ್ಲೊಂದು ರಾಯರ ಮಠ. ಗೆಳೆಯರು ತಮ್ಮ ಊರಿನಲ್ಲಿ ಕಂಡದ್ದು ಬಹುಪಾಲು ಅಂಥದೇ. ನಂಜನಗೂಡಿನ ವಿಶೇಷವೆಂದರೆ ಇಲ್ಲಿ ರಾಯರು ವಿಗ್ರಹ ರೂಪದಲ್ಲಿದ್ದಾರೆ, ಇದಕ್ಕೆ ಪ್ರತೀಕ ಸನ್ನಿಧಾನ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಪೀಠಾಧಿಪತಿ ಸುಜ್ಞಾನೇಂದ್ರತೀರ್ಥರ ಬೃಂದಾವನವೂ ಈ ಊರಿನಲ್ಲೇ ಇದೆ.

ಇಲ್ಲಿನ ಶಿಸ್ತು ಸುತ್ತೂರಿನದಕ್ಕಿಂತ ಬೇರೆ. ಗಂಡಸರು ಪಂಚೆ, ಶಲ್ಯದಲ್ಲಿದ್ದರೆ ಅನುಕೂಲ, ಅಂಗಿ ತೆಗೆಯಬೇಕಾಗಬಹುದು. ಹೆಂಗಸರಿಗೆ ಸೀರೆ ಅಥವಾ ಮೈತುಂಬ ಮುಚ್ಚುವ ಚೂಡಿದಾರ. ಮಡಿಯಲ್ಲಿರುವವರ ಮೈಗೆ ತಾಗದಂತೆ ಸರಿದು ನಿಲ್ಲಬೇಕು. ಇದು ಅವಮಾನವಲ್ಲ, ಅವರ ಅಂದಿನ ವ್ರತದ ಕಟ್ಟುಪಾಡು ಎಂದು ಮೊದಲೇ ಹೇಳಿಬಿಟ್ಟರೆ ಅತಿಥಿಯ ಮುಖ ಸಣ್ಣದಾಗುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು, ಫೋಟೊ ತೆಗೆಯಬಹುದೇ ಎಂಬುದನ್ನು ಬಾಗಿಲಲ್ಲೇ ಅರ್ಚಕರನ್ನು ಕೇಳುವುದು ಕ್ಷೇಮ. ಒಳಗೆ ಹೋಗಿ ಹಿಂದೆ ಸರಿಯುವುದಕ್ಕಿಂತ ಹೊರಗೇ ನಿಂತು ನೋಡುವುದು ಗೌರವ.

ಪಕ್ಕದಲ್ಲೇ ಶ್ರೀಕಂಠೇಶ್ವರ ದೇವಾಲಯದ ಒಂಬತ್ತು ನೆಲೆಯ ಗೋಪುರ, ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ಮುಗಿಸಬೇಕು. ಟಿಪ್ಪು ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದ ಕಥೆ ಕೇಳಿದರೆ ಯಾವ ದೇಶದವರೂ ಮುಗುಳ್ನಗುತ್ತಾರೆ.

ಸಂಗಮ, ಸೋಸಲೆ

ಸಂಜೆಗೆ ತಿರುಮಕೂಡಲು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಜಾಗ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುವ ರೂಢಿ, ಈಚಿನದು 2025ರ ಫೆಬ್ರವರಿಯಲ್ಲಿ. ಅಗಸ್ತ್ಯೇಶ್ವರ ಒಂದು ದಂಡೆಯಲ್ಲಿ, ಗುಂಜಾ ನರಸಿಂಹ ಇನ್ನೊಂದರಲ್ಲಿ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಹೆಮ್ಮೆ ಈ ಊರಿನವರಿಗೆ. ನೀರು ಶಾಂತವಾಗಿ ಕಂಡರೂ ಸುಳಿ ಇರುತ್ತದೆ. ಈಜು ಬಲ್ಲೆ ಎನ್ನುವ ಗೆಳೆಯರನ್ನು ಮೆಟ್ಟಿಲಲ್ಲೇ ತಡೆಯಬೇಕು.

ಹತ್ತಿರದ ಸೋಸಲೆ ಇನ್ನೊಂದು ಮೂಲ. ಶ್ರೀ ವ್ಯಾಸರಾಜ ಮಠದ ಹೆಸರಿನ ಜೊತೆಗೇ ಈ ಊರು ಅಂಟಿಕೊಂಡಿದೆ. ವ್ಯಾಸರಾಜರು (ನಿಧನ 1539) ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ, ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿ. ಪುರಂದರದಾಸರು, ಕನಕದಾಸರು ಅವರ ಶಿಷ್ಯರು. ಗೆಳೆಯರು ಸಂಗೀತ ಬಲ್ಲವರಾದರೆ ಅಷ್ಟು ಸಾಕು. ಪಿಟೀಲು ಚೌಡಯ್ಯನವರ ಊರೂ ತಿರುಮಕೂಡಲೇ ಎಂದರಂತೂ ಮಾತು ರಾತ್ರಿಯವರೆಗೆ ಸಾಗುತ್ತದೆ. ಸೋಸಲೆಗೆ ಮುನ್ಸೂಚನೆಯಿಲ್ಲದೆ ಹೋಗಬಾರದು. ದೊಡ್ಡ ಮಠಗಳಂತೆ ಸದಾ ಜನ ಇರುವ ಜಾಗವಲ್ಲ ಅದು.

ತಿರುಗಿ ಹೋಗುವಾಗ

ಮುಂದಿನ ವರ್ಷ ನಂಜನಗೂಡಿನವರೇ ಗೆಳೆಯರ ಊರಿಗೆ ಹೋದಾಗ ಲೆಕ್ಕ ತಿರುಗುಮುರುಗು. ಅಲ್ಲಿನ ಶಾಖೆಗಳು ಎಷ್ಟೋ ಕಡೆ ವಸತಿ ಬಡಾವಣೆಯ ನಡುವೆ ಇರುತ್ತವೆ. ವಾರದ ದಿನ ಬಾಗಿಲು ಹಾಕಿರಬಹುದು, ಶನಿವಾರ, ಭಾನುವಾರವೇ ಕಾರ್ಯಕ್ರಮ. ಕಾರನ್ನು ಪಕ್ಕದ ಮನೆಯ ಮುಂದೆ ನಿಲ್ಲಿಸಿದರೆ ದೂರು ಬರುವುದು ಮಠಕ್ಕೆ. ದುಬೈಯಂಥ ಕಡೆ ಶಾಲೆಗೆ ಒಳಹೋಗಲು ಮೊದಲೇ ಅನುಮತಿ ಬೇಕು.

ಅತಿಥಿಯ ಪೆಟ್ಟಿಗೆ ಕಟ್ಟುವಾಗ ಕೊನೆಯದೊಂದು ಎಚ್ಚರ. ಮನೆಯವರು ಪ್ರೀತಿಯಿಂದ ನಂಜನಗೂಡು ರಸಬಾಳೆ ತುಂಬುತ್ತಾರೆ. ಅಮೆರಿಕಕ್ಕೆ ತಾಜಾ ಹಣ್ಣು ಬಿಡುವುದಿಲ್ಲ. ಮಠದಲ್ಲಿ ಕೊಟ್ಟ ಮಂತ್ರಾಕ್ಷತೆಗೂ ಅದೇ ಗತಿ, ಏಕೆಂದರೆ ಧಾನ್ಯದ ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಅಲ್ಲಿ ಒಪ್ಪುವುದಿಲ್ಲ. ಹಣ್ಣನ್ನು ಇಲ್ಲಿಯೇ ತಿಂದು, ಅಕ್ಷತೆಯನ್ನು ಇಲ್ಲಿಯೇ ತಲೆಯ ಮೇಲೆ ಹಾಕಿಸಿಕೊಂಡು ಮುಗಿಸುವುದು ಲೇಸು. ನಂಜನಗೂಡು ಹಲ್ಲುಪುಡಿಯನ್ನು ಅಂಗಡಿಯ ಮೊಹರು ಒಡೆಯದೆ ಇಡಬೇಕು. ವಿಭೂತಿ ಗಟ್ಟಿಯಿದ್ದರೆ ಅದು ಏನೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಪೊಟ್ಟಣದ ಮೇಲೆ ಅಂಟಿಸಿಡಬೇಕು. ಬಿಳಿಯ ಪುಡಿ ಕಂಡ ವಿಮಾನ ನಿಲ್ದಾಣದ ಅಧಿಕಾರಿಗೆ ದಾಸೋಹದಿಂದ ಹಿಡಿದು ಕಥೆ ಹೇಳಲು ಹೊತ್ತು ಸಿಗುವುದಿಲ್ಲ.