ಗುಂಡಿ ಆಳವಾಗಿರಲಿ

ಸಾಕಿದ ನಾಯಿಯೋ ಬೆಕ್ಕೋ ತೀರಿಕೊಂಡ ದಿನ, ಅಳುತ್ತಲೇ ಹಿತ್ತಲಲ್ಲಿ ಒಂದೆರಡು ಅಡಿ ಅಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣು ಮುಚ್ಚಿಬಿಡಬೇಡಿ. ವಾಸನೆ ಹಿಡಿದು ಬೀದಿನಾಯಿಗಳು ಕೆದಕುತ್ತವೆ. ಪ್ಲಾಸ್ಟಿಕ್ಕಿನೊಳಗಿನ ದೇಹ ಬೇಗ ಮಣ್ಣಾಗುವುದೂ ಇಲ್ಲ. ದಯಾಮರಣದ ಚುಚ್ಚುಮದ್ದು ಕೊಡಿಸಿದ್ದರಂತೂ ಇನ್ನೂ ಎಚ್ಚರ ಬೇಕು: ಪೆಂಟೊಬಾರ್ಬಿಟಾಲ್‌ನಂಥ ಔಷಧಿ ಸತ್ತ ದೇಹದಲ್ಲಿ ಬಹುಕಾಲ ಉಳಿದು, ಅದನ್ನು ತಿಂದ ನಾಯಿ, ಹದ್ದುಗಳನ್ನೂ ಕೊಲ್ಲಬಲ್ಲದು. ಹೂಳುವುದಾದರೆ ಹತ್ತಿಬಟ್ಟೆಯಲ್ಲಿ ಸುತ್ತಿ, ಬಾವಿ, ಬೋರ್‌ವೆಲ್‌ಗಳಿಂದ ದೂರದಲ್ಲಿ, ದೇಹದ ಮೇಲೆ 3 ಅಡಿಯಾದರೂ ಮಣ್ಣು ಬರುವಂತೆ ಹೂಳಿ. ಸ್ವಂತ ಜಾಗವಿಲ್ಲವೇ? ಕೆರೆಯಂಗಳ ಬೇಡ, ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪ್ರಾಣಿಗಳಿಗೆಂದೇ ಸ್ಮಶಾನವಿದೆ, ಬೇರೆಡೆಯವರು ಪಶುವೈದ್ಯರನ್ನು ಕೇಳಿ. ಬದುಕಿರುವಾಗಲೇ ಈ ಮಾತು ಅಪಶಕುನ ಎನ್ನುವವರಿದ್ದಾರೆ. ಆದರೆ ದುಃಖದ ಗಳಿಗೆಯಲ್ಲಿ ವಿಚಾರಿಸುವ ವ್ಯವಧಾನ ಯಾರಿಗೂ ಇರದು, ನಮ್ಮ ಸೆಕೆಯಲ್ಲಿ ದೇಹವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲೂ ಆಗದು. ಮನೆಯಲ್ಲಿ ಮುದಿಜೀವವಿದ್ದರೆ ಈ ವಾರವೇ ವಿಚಾರಿಸಿಡಿ.