ತಲೆ ಟಾರ್ಚಿನ ಖರೀದಿ: ಪೆಟ್ಟಿಗೆಯ ಮೇಲಿನ ಸಂಖ್ಯೆ ಮತ್ತು ಒಳಗಿನ ಸೆಲ್

ಸುಳ್ಯ, ಪುತ್ತೂರು, ಬೆಳ್ತಂಗಡಿ ಭಾಗದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸವು ಸೂರ್ಯೋದಯಕ್ಕೆ ಮುನ್ನವೇ ಆರಂಭವಾಗುತ್ತದೆ. ಬಿಸಿಲೇರಿದಂತೆ ಮರದ ಹಾಲಿನ ಹರಿವು ತಗ್ಗುವುದೇ ಇದಕ್ಕೆ ಕಾರಣ. ಎರಡು ಕೈಗಳಿಗೂ ಕೆಲಸವಿರುವ ಈ ಕಾರ್ಮಿಕರಿಗೆ ಹಣೆಗೆ ಕಟ್ಟಿದ ಟಾರ್ಚೇ ಕಣ್ಣು. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ವಿದ್ಯುತ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತರ ಸ್ಥಿತಿಯೂ ಅದೇ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರವು 2024ರಲ್ಲಿ ಘೋಷಿಸಿದ್ದನ್ನು ನೆನೆದರೆ, ದಾರಿಯ ನಡುವೆ ಆರಿಹೋಗುವ ಟಾರ್ಚು ಸಣ್ಣ ವಿಷಯವಲ್ಲವೆಂಬುದು ಮನದಟ್ಟಾಗುತ್ತದೆ. ಹೀಗಿದ್ದರೂ ನಮ್ಮಲ್ಲಿ ಬಹುತೇಕ ವರ್ತಕರು ಈ ಸರಕನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಯನ್ನು ನೋಡಿಯೇ ಕೊಳ್ಳುತ್ತಾರೆ.

ಈ ಲೇಖಕನೂ ಒಮ್ಮೆ ಹಾಗೆಯೇ ಮಾಡಿದ್ದುಂಟು. ಸೆಲ್‌ನ ಮೇಲೆ 9900 ಎಂಎಎಚ್ ಎಂದು ಮುದ್ರಿತವಾಗಿದ್ದ ಒಂದು ರಟ್ಟಿನ ಪೆಟ್ಟಿಗೆ ಮಾಲನ್ನು ತರಿಸಿ, ಮಳೆಗಾಲ ಮುಗಿಯುವ ಮೊದಲೇ ಅರ್ಧಕ್ಕಿಂತ ಹೆಚ್ಚನ್ನು ಗಿರಾಕಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಮಾಲು ಕಳಿಸಿದವರು ದೂರವಾಣಿ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದರು. ಸೆಲ್‌ಗಳನ್ನು ತಕ್ಕಡಿಗೆ ಹಾಕಿದಾಗ ಸಂಗತಿ ಬಯಲಾಯಿತು.

ಇಂದಿನ ಪುನರ್ಭರ್ತಿ ತಲೆ ಟಾರ್ಚುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 18650 ಎಂಬ ಲಿಥಿಯಂ ಅಯಾನ್ ಸೆಲ್. ಆ ಹೆಸರೇ ಅದರ ಅಳತೆ: ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಈ ಗಾತ್ರದ ಉತ್ತಮ ಸೆಲ್‌ಗಳ ಸಾಮರ್ಥ್ಯವು ಸುಮಾರು 3500 ಎಂಎಎಚ್‌ನ ಆಸುಪಾಸಿನಲ್ಲಿದೆ. ತೂಕ 45ರಿಂದ 50 ಗ್ರಾಂ. ಆದ್ದರಿಂದ ಅದರ ಮೇಲೆ 9900 ಎಂದು ಬರೆದಿದ್ದರೆ ಬೇರೆ ಪರೀಕ್ಷೆಯೇ ಬೇಡ. ತೂಕ 30 ಗ್ರಾಂ ಇದ್ದರಂತೂ ಒಳಗಿನ ಸರಕು ಏನೆಂದು ಊಹಿಸಬಹುದು. ಅಕ್ಕಸಾಲಿಗರ ಬಳಿ ಇರುವಂತಹ ಚಿಕ್ಕ ವಿದ್ಯುನ್ಮಾನ ತಕ್ಕಡಿಯೊಂದು ಅಂಗಡಿಯಲ್ಲಿದ್ದರೆ ಈ ಪರೀಕ್ಷೆಗೆ ಒಂದು ನಿಮಿಷವೂ ಬೇಕಾಗದು.

ಇನ್ನು ಬೆಳಕಿನ ಲೆಕ್ಕ. 3.6 ವೋಲ್ಟ್, 3500 ಎಂಎಎಚ್‌ನ ಸೆಲ್‌ನಲ್ಲಿ ಇರುವ ಒಟ್ಟು ಶಕ್ತಿ 12.6 ವ್ಯಾಟ್ ಅವರ್. ಸರ್ಕ್ಯೂಟಿನ ನಷ್ಟವನ್ನೂ ಸೇರಿಸಿ, ಎಲ್‌ಇಡಿಯು ಪ್ರತಿ ವ್ಯಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು ನೀಡುತ್ತದೆಂದು ಇಟ್ಟುಕೊಳ್ಳೋಣ. 1000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಸೆಲ್ ಒಂದೂಕಾಲು ಗಂಟೆಯಲ್ಲಿ ಖಾಲಿ. 100 ಲ್ಯೂಮೆನ್‌ನಲ್ಲಿ ಉರಿಸಿದರೆ ಹನ್ನೆರಡು ಗಂಟೆ ಬರುತ್ತದೆ. ಎಲ್‌ಇಡಿ ಇನ್ನಷ್ಟು ಉತ್ತಮವಾಗಿದ್ದರೆ ಅವಧಿ ಅದೇ ಪ್ರಮಾಣದಲ್ಲಿ ಹೆಚ್ಚೀತು, ಅಷ್ಟೆ. ಒಂದೇ ಸೆಲ್‌ನ ಟಾರ್ಚಿಗೆ "1000 ಲ್ಯೂಮೆನ್, 10 ಗಂಟೆ" ಎಂದು ಬರೆದಿದ್ದರೆ ಎರಡರಲ್ಲಿ ಒಂದು ಮಾತು ಸುಳ್ಳು, ಅಥವಾ ಎರಡನ್ನೂ ಬೇರೆ ಬೇರೆ ಹಂತದಲ್ಲಿ ಅಳೆಯಲಾಗಿದೆ. ಕಾಲ ಬುಡ ಮತ್ತು ಕೈಯಳತೆಯ ಕೆಲಸಕ್ಕೆ 100ರಿಂದ 200 ಲ್ಯೂಮೆನ್ ಧಾರಾಳವಾಗಿ ಸಾಕೆಂದು ಗಿರಾಕಿಗೆ ತಿಳಿಸುವುದು ವ್ಯಾಪಾರಕ್ಕೆ ನಷ್ಟವಲ್ಲ.

ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನದಂಡವನ್ನು ಹೆಸರಾಂತ ತಯಾರಕರು ಪಾಲಿಸುತ್ತಾರೆ. ಆದರೆ ಅದನ್ನೂ ಎಚ್ಚರದಿಂದ ಓದಬೇಕು. ಅದರ ಪ್ರಕಾರ ಬೆಳಕನ್ನು ಅಳೆಯುವುದು ಟಾರ್ಚು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಉರಿಯುವ ಅವಧಿಯನ್ನು ಲೆಕ್ಕ ಹಾಕುವುದು ಮೊದಲಿನ ಬೆಳಕಿನ ಶೇ. 10ಕ್ಕೆ ಇಳಿಯುವವರೆಗೆ. ಎಂದರೆ 300 ಲ್ಯೂಮೆನ್‌ನ ಟಾರ್ಚು ಕೊನೆಯ ಗಂಟೆಗಳಲ್ಲಿ 30 ಲ್ಯೂಮೆನ್‌ನತ್ತ ಕುಸಿಯುತ್ತಿದ್ದರೂ ಆ ಗಂಟೆಗಳು ಪೆಟ್ಟಿಗೆಯ ಮೇಲೆ ಸೇರುತ್ತವೆ. ಬೆಳಕಿನ ದೂರವನ್ನೂ ಅದು ಹುಣ್ಣಿಮೆಯ ಬೆಳಕಿನಷ್ಟು ಮಂದವಾದ 0.25 ಲಕ್ಸ್‌ವರೆಗೆ ಅಳೆಯುತ್ತದೆ. ಆದಕಾರಣ ಮಾದರಿಯೊಂದನ್ನು ತರಿಸಿ, ಕತ್ತಲ ಕೋಣೆಯಲ್ಲಿ ಗೋಡೆಗೆ ಹಿಡಿದು, ಪ್ರತಿ ಅರ್ಧ ಗಂಟೆಗೊಮ್ಮೆ ಬೆಳಕನ್ನು ಗುರುತು ಹಾಕಿಕೊಳ್ಳುವುದೇ ಲೇಸು. ಹಂತಹಂತವಾಗಿ ಮಂಕಾಗಿ ಮುನ್ಸೂಚನೆ ಕೊಡುವ ಟಾರ್ಚು, ಒಮ್ಮೆಲೇ ಕತ್ತಲು ಮಾಡುವ ಟಾರ್ಚಿಗಿಂತ ಮೇಲು.

ಮಳೆಗೆ ಸಂಬಂಧಿಸಿದಂತೆ ಐಪಿ ಸಂಕೇತವನ್ನು ನೋಡಬೇಕು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನ ಸಿಂಪಡಣೆಗೆ ತಡೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಮಲೆನಾಡಿನ ಮಳೆಗೆ ಮೊದಲನೆಯದು ಕನಿಷ್ಠ. ತೋಡು, ಗದ್ದೆಗಳಲ್ಲಿ ದುಡಿಯುವವರಿಗೆ ಎರಡನೆಯದೇ ಸರಿ. ಎಕ್ಸ್ ಇದ್ದ ಕಡೆ ಧೂಳಿನ ಅಂಕಿ ನಮೂದಾಗಿಲ್ಲವೆಂದು ಅರ್ಥ. ಕಲ್ಲುಗಣಿ, ಇಟ್ಟಿಗೆ ಗೂಡುಗಳಿಗೆ ಮಾರುವಾಗ ಆ ಜಾಗದಲ್ಲಿ 5 ಅಥವಾ 6 ಇರಲಿ. ಇವೆಲ್ಲ ಹೊಸ ಮಾಲಿನ ಮೇಲೆ ನಡೆಸಿದ ಪರೀಕ್ಷೆಗಳು. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಹರಿದ ಮೇಲೆ ಯಾವ ಸಂಕೇತಕ್ಕೂ ಬೆಲೆಯಿಲ್ಲ.

ಸಣ್ಣ ಕೈಗಾರಿಕೆ ನಡೆಸುವ ಸದಸ್ಯರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವಿದೆ. ನಮ್ಮಲ್ಲಿಗೆ ಹಿಂದಿರುಗಿ ಬಂದ ಟಾರ್ಚುಗಳಲ್ಲಿ ಎಲ್‌ಇಡಿ ಸುಟ್ಟದ್ದು ವಿರಳ. ತಲೆಯ ಹಿಂಬದಿಯ ಸೆಲ್ ಡಬ್ಬಿಯಿಂದ ಮುಂದಿನ ದೀಪಕ್ಕೆ ಬರುವ ತಂತಿಯು ಡಬ್ಬಿಯ ಬಾಯಲ್ಲಿ ಮಡಿಚಿ ಮಡಿಚಿ ತುಂಡಾಗುವುದೇ ಮುಖ್ಯ ದೋಷ. ಅನಂತರದ್ದು ಬೆವರಿಗೆ ಸಡಿಲವಾದ ಎಲಾಸ್ಟಿಕ್ ಪಟ್ಟಿ, ನಿಲ್ಲದೆ ಜಾರುವ ಕೀಲು. ಆ ಬಾಯಿಗೊಂದು ರಬ್ಬರ್ ಕೊಳವೆ, ಮೆದುವಾದ ಎಳೆತಂತಿ, ಬಿಚ್ಚಿ ತೊಳೆಯಬಹುದಾದ ಪಟ್ಟಿ, ಗಿರಾಕಿಯೇ ಬದಲಿಸಬಹುದಾದ ಸೆಲ್: ಇವು ನಮ್ಮ ಕೈಗಾರಿಕಾ ವಸಾಹತುಗಳ ಶೆಡ್ಡುಗಳಲ್ಲೇ ಆಗುವ ಕೆಲಸ. ಬಿಡಿಭಾಗ ದೊರೆಯುವುದಾದರೆ ಗಿರಾಕಿ ಐವತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯುವುದಿಲ್ಲವೆಂಬುದು ನಮ್ಮ ಅನುಭವ. ಭಾರವೆಲ್ಲ ಹಣೆಯ ಮೇಲಿದ್ದರೆ ಬಗ್ಗಿ ದುಡಿಯುವವನಿಗೆ ಟಾರ್ಚು ಕಣ್ಣಿನ ಮೇಲೆ ಇಳಿಯುತ್ತದೆ; ವಿನ್ಯಾಸ ಮಾಡುವವರು ಒಂದು ಬೆಳಗು ತಾವೇ ಕಟ್ಟಿಕೊಂಡು ನೋಡಬೇಕು.

ಕಾನೂನಿನ ವಿಷಯ ಸಂಕ್ಷಿಪ್ತ. ಲಿಥಿಯಂ ಸೆಲ್‌ಗಳಿಗೆ ಐಎಸ್ 16046ರಡಿ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯಿದ್ದು, ಸೆಲ್‌ನ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಂತೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಪೊಟ್ಟಣದ ಮೇಲೆ ಇರಲೇಬೇಕು. ಆಮದು ಮಾಲಿಗೆ ಮೂಲ ದೇಶವೂ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಉತ್ಪನ್ನದ ಹೊಣೆಗೆ ಗುರಿಪಡಿಸುತ್ತದೆ. ಹೆಸರಿಲ್ಲದ ಪೆಟ್ಟಿಗೆಯನ್ನು ಅಗ್ಗವೆಂದು ಕೊಂಡವರು ಆಗ ಯಾರತ್ತ ಬೆರಳು ತೋರಿಸಿಯಾರು?

ಖರೀದಿಸಿದ ಮಾಲನ್ನು ಗೋದಾಮಿನಲ್ಲಿ ಇಡುವಾಗ ಸೆಲ್‌ಗಳು ಪೂರ್ಣ ಚಾರ್ಜ್ ಆಗಿರುವುದೂ, ಪೂರ್ತಿ ಖಾಲಿಯಾಗಿರುವುದೂ ಬೇಡ, ಅರ್ಧದಷ್ಟಿದ್ದರೆ ಉತ್ತಮ. ತಗಡಿನ ಛಾವಣಿಯ ಬಿಸಿ ತಾಗದ ಕೆಳಗಿನ ಅಟ್ಟಣೆಯಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಉಬ್ಬಿದ ಅಥವಾ ಹೊದಿಕೆ ಹರಿದ ಸೆಲ್‌ಗಳನ್ನು ಕೂಡಲೇ ಬೇರ್ಪಡಿಸಬೇಕು.