ನಿಂತ ಟ್ರಾಕ್ಟರ್ ಸ್ಟಾರ್ಟ್ ಆಗ್ತಿಲ್ಲವೇ? ಮೊದಲು ಸದ್ದು ಕೇಳ್ರಿ

ನಮ್ಮ ಮರಳಿ ಭಾಗದಲ್ಲಿ ಟ್ರಾಕ್ಟರ್ ಯಾವಾಗ ದುಡೀಬೇಕು, ಯಾವಾಗ ನಿಲ್ಲಬೇಕು ಅನ್ನೋದನ್ನ ತುಂಗಭದ್ರಾ ಎಡದಂಡೆ ಕಾಲುವೆಯೇ ತೀರ್ಮಾನಿಸುತ್ತದೆ. ಎರಡನೇ ಬೆಳೆಗೆ ನೀರು ಸಿಗದಿದ್ದರೆ ಮುಂಗಾರಿನ ನೀರು ಬರುವತನಕ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ನೀರು ಬಂದ ದಿನ ಕೀ ತಿರುಗಿಸಿದರೆ ಎಂಜಿನ್ ಏಳೋದಿಲ್ಲ. ಅತ್ತ ಸಸಿಮಡಿಯಲ್ಲಿ ಸಸಿಗೆ 25 ದಿನ ದಾಟಿರುತ್ತದೆ, ನಾಟಿ ಗುಂಪಿಗೆ ಮಾತು ಕೊಟ್ಟಾಗಿರುತ್ತದೆ. ಸಸಿ ಬಲಿತಷ್ಟೂ ತೆಂಡೆ ಕಡಿಮೆ. ಆ ಸೀಸನ್‌ನಲ್ಲಿ ಮೆಕ್ಯಾನಿಕ್ ಕೂಡ ಕೈಗೆ ಸಿಗೋದು ಕಷ್ಟ.

ಗಿಡ ಬಾಡಿದರೆ ಔಷಧಿ ಅಂಗಡಿಗೆ ಓಡುವ ಮೊದಲು ಎಲೆ, ಕಾಂಡ, ಬೇರು ಅಂತ ಕ್ರಮವಾಗಿ ನೋಡಬೇಕು ಅನ್ನೋದು ತೋಟಗಾರಿಕೆ ಓದುವಾಗ ಕಲಿತ ಪಾಠ. ಎಂಜಿನ್‌ಗೂ ನಾನು ಅದನ್ನೇ ಅನ್ವಯಿಸುತ್ತೇನೆ. ಡೀಸೆಲ್ ಎಂಜಿನ್‌ಗೆ ಬೇಕಾಗಿದ್ದು ಮೂರೇ: ಜೋರಾದ ತಿರುಗು, ಡೀಸೆಲ್, ಗಾಳಿ. ಯಾವುದು ಕಡಿಮೆ ಆಗಿದೆ ಅಂತ ಸದ್ದೇ ಹೇಳುತ್ತದೆ.

ಕೀ ಹಾಕುವ ಮೊದಲು

ಶೆಡ್ಡಿನ ಬಾಗಿಲು ಪೂರ್ತಿ ತೆಗೀರಿ; ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಜೀವ ತೆಗೆಯುತ್ತದೆ. ಗೇರು ನ್ಯೂಟ್ರಲ್, ಪಿಟಿಒ ಆಫ್, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಬಾನೆಟ್ ಎತ್ತಿ ಇಲಿ ಗೂಡು ಕಟ್ಟಿದೆಯಾ, ವೈರ್ ಕಡಿದಿದೆಯಾ ನೋಡ್ರಿ. ಭತ್ತದ ಹುಲ್ಲು ಪಕ್ಕದಲ್ಲಿದ್ದರೆ ಇದು ಮಾಮೂಲು. ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚಿದ್ದರೆ ತೆಗೀರಿ. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪರ್ ಗುಂಡಿ ಒಳಗೆ ಹೋಗಿರಬೇಕು. ಆಯಿಲ್ ಕಡ್ಡಿ ಎಳೆದು ನೋಡ್ರಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಆಗ ಕೀ ಮುಟ್ಟದೆ ಮೆಕ್ಯಾನಿಕ್‌ಗೆ ಕರೆ ಮಾಡ್ರಿ.

1. ಸದ್ದೇ ಇಲ್ಲ

ಹಾರ್ನ್ ಒತ್ತಿ. ಅದೂ ಕೂಗದಿದ್ದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಹಾರ್ನ್ ಜೋರಾಗಿದ್ದೂ ಸೆಲ್ಫ್ ಹೊಡೆಯದಿದ್ದರೆ ಕ್ಲಚ್ ಪೂರ್ತಿ ಒತ್ತಿ ನೋಡ್ರಿ. ಹಲವು ಟ್ರಾಕ್ಟರ್‌ಗಳಲ್ಲಿ ಕ್ಲಚ್ ಅಥವಾ ನ್ಯೂಟ್ರಲ್‌ಗೆ ಸೇಫ್ಟಿ ಸ್ವಿಚ್ ಇರುತ್ತದೆ. ಆಮೇಲೆ ಫ್ಯೂಸ್, ಇಲಿ ಕಡಿದ ವೈರ್.

2. ಟಕ್ ಟಕ್ ಅಂತದೆ, ಇಲ್ಲವೇ ನಿಧಾನ ತಿರುಗತದೆ

ಕರೆಂಟ್ ಸಾಲುತ್ತಿಲ್ಲ. ಸಣ್ಣ ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಅಳೀರಿ. 12.6 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆ ಅಂದರೆ ಚಾರ್ಜ್ ಬೇಕೇ ಬೇಕು. ಚಾರ್ಜ್ ತುಂಬಿದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಗೆ ವಯಸ್ಸಾಗಿದೆ.

ಹೊಸ ಬ್ಯಾಟರಿ ಅನ್ನುವ ಮೊದಲು ಟರ್ಮಿನಲ್ ನೋಡ್ರಿ. ಬಿಳಿ, ಹಸಿರು ಕಿಲುಬು ಹಿಡಿದಿದ್ದರೆ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು ಒರೆಸಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು. ಹಾಕುವಾಗ ಪಾಸಿಟಿವ್ ಮೊದಲು. ಎಂಜಿನ್‌ಗೆ ಬಿಗಿದ ಅರ್ಥ್ ಕೇಬಲ್‌ನ ತುದಿಯನ್ನೂ ಉಜ್ಜಿ ಬಿಗಿ ಮಾಡ್ರಿ. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಉಪ್ಪು ಪ್ಲೇಟ್ ಹಾಳುಮಾಡುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬೀಡಿ ದೂರ ಇರಲಿ.

3. ಜೋರಾಗಿ ತಿರುಗತದೆ, ಆದರೆ ಎಂಜಿನ್ ಏಳೋದಿಲ್ಲ

ಬ್ಯಾಟರಿ ಬಿಟ್ಟುಬಿಡ್ರಿ, ಅದರ ಕೆಲಸ ಅದು ಮಾಡ್ತಿದೆ. ಈಗ ಸೈಲೆನ್ಸರ್ ನೋಡ್ರಿ.

ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಟ್ಯಾಂಕಿನ ಕಾಕ್ ತೆರೆದಿದೆಯಾ? ಫಿಲ್ಟರ್ ಕೆಳಗಿನ ಬಟ್ಟಲಿನಲ್ಲಿ ನೀರಿದೆಯಾ? ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ರಾತ್ರಿ ತಣಿದು ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ಹೊರಗೆ ಬಿಡ್ರಿ. ಇನ್ನೂ ಆಗದಿದ್ದರೆ ಏರ್ ಹಿಡಿದಿರಬಹುದು: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪ್ ಒತ್ತುತ್ತಾ ಹೋಗ್ರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡ್ರಿ. ಇಂಜೆಕ್ಟರ್‌ಗೆ ಹೋಗುವ ಸಣ್ಣ ಪೈಪ್‌ಗಳನ್ನ ಮುಟ್ಟಬ್ಯಾಡ್ರಿ; ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಬಿಳಿ ಹೊಗೆ ಬಂದರೆ ಡೀಸೆಲ್ ಬರ್ತಿದೆ, ಹತ್ತಿಕೊಳ್ಳುತ್ತಿಲ್ಲ. ಡೀಸೆಲ್‌ನಲ್ಲಿ ನೀರು ಉಳಿದಿರಬಹುದು, ಏರ್ ಇರಬಹುದು, ತಿರುಗು ಸಾಲದಿರಬಹುದು. ಜೊತೆಗೆ ಏರ್ ಕ್ಲೀನರ್ ಬಿಚ್ಚಿ ನೋಡ್ರಿ, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ.

ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೀಬ್ಯಾಡ್ರಿ. ನಡುವೆ ಒಂದು ನಿಮಿಷ ಬಿಡ್ರಿ. ಇಲ್ಲದಿದ್ದರೆ ಬ್ಯಾಟರಿ ಜೊತೆ ಸೆಲ್ಫ್ ಮೋಟರೂ ಹೋಗುತ್ತದೆ.

ಇದೊಂದನ್ನ ಮಾತ್ರ ಮಾಡಬ್ಯಾಡ್ರಿ

ಕೀ ಕೆಲಸ ಮಾಡದಾಗ ಕೆಳಗೆ ನಿಂತು ಸ್ಕ್ರೂಡ್ರೈವರ್‌ನಿಂದ ಸೆಲ್ಫ್‌ಗೆ ಡೈರೆಕ್ಟ್ ಕೊಡೋದು ಹಳ್ಳಿಗಳಲ್ಲಿ ರೂಢಿ. ಹಾಗೆ ಮಾಡಿದಾಗ ಸೇಫ್ಟಿ ಸ್ವಿಚ್ ಲೆಕ್ಕಕ್ಕೇ ಬರೋದಿಲ್ಲ. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಎದ್ದ ಕ್ಷಣವೇ ಮುಂದೆ ನುಗ್ಗುತ್ತದೆ, ನೀವು ನಿಂತಿರೋದು ಹಿಂದಿನ ದೊಡ್ಡ ಗಾಲಿಯ ಮುಂದೆ. ನಾಟಿ ಎರಡು ದಿನ ತಡವಾದರೂ ಪರವಾಗಿಲ್ಲ. ಸ್ವಿಚ್ ಕೆಟ್ಟಿದ್ದರೆ ಬದಲಾಯಿಸ್ರಿ.

ಮೆಕ್ಯಾನಿಕ್ ಬೇಕೇ ಬೇಕು ಅಂದಾಗ ಮೊಬೈಲ್‌ನಲ್ಲಿ 10 ಸೆಕೆಂಡಿನ ವಿಡಿಯೊ ಮಾಡಿ. ಸೆಲ್ಫ್ ಸದ್ದು, ಸೈಲೆನ್ಸರ್ ಹೊಗೆ ಎರಡೂ ಇರಲಿ. ಅದನ್ನ ಕಳಿಸಿದರೆ ಅವರು ಬರುವಾಗಲೇ ಬೇಕಾದ ಸಾಮಾನು ತರುತ್ತಾರೆ.

ಮುಂದಿನ ಸಲ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, 15 ದಿನಕ್ಕೊಮ್ಮೆ ಅದನ್ನ ಜೋಡಿಸಿ ಅರ್ಧ ಗಂಟೆ ಓಡಿಸಿ. ಸಸಿಮಡಿಗೆ ಬೀಜ ಚೆಲ್ಲಿದ ದಿನವೇ ಟ್ರಾಕ್ಟರ್ ಒಮ್ಮೆ ಸ್ಟಾರ್ಟ್ ಮಾಡಿ ನೋಡ್ರಿ. ಏನೇ ಕೆಟ್ಟಿದ್ದರೂ ರಿಪೇರಿಗೆ ಆಗ ಮೂರು ವಾರ ಇರುತ್ತದೆ.